ವಚನಾಳ ಎರಡು ರಿಪೋರ್ಟು

ಒಮ್ಮೆ ಬರೆದ ರಿಪೋರ್ಟನ್ನು ಬದಲಾಯಿಸುವವಳಲ್ಲ ನಾನು. ಹನ್ನೊಂದು ವರ್ಷದಿಂದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹುಡುಗಿಯರನ್ನು ಆರಿಸಿಕೊಡುತ್ತಿದ್ದೇನೆ. ವಾರವೆಲ್ಲ ಶಾಲೆಯಲ್ಲಿ ಪಿ.ಟಿ. ಮೇಡಂ, ಭಾನುವಾರ ಕೆಂಗೇರಿ ಉಪನಗರದ ಮೈದಾನದಲ್ಲಿ ಪೆನ್ನು ಹಿಡಿದು ನಿಲ್ಲುವ ರಂಜಿನಿ. ಅಮ್ಮಂದಿರು ಅತ್ತಿದ್ದಾರೆ, ಅಪ್ಪಂದಿರು ಸ್ವೀಟ್ ಬಾಕ್ಸ್ ತಂದಿದ್ದಾರೆ, ಯಾರೋ ದೊಡ್ಡವರಿಂದ ಫೋನೂ ಮಾಡಿಸಿದ್ದಾರೆ. ಜಪ್ಪಯ್ಯ ಅಂದರೂ ಜಗ್ಗಿಲ್ಲ. ಕ್ಲಬ್ ನಡೆಸುವ ರಾಜೇಂದ್ರ ಅವರಿಗೆ ಅದರ ಬಗ್ಗೆ ಹೆಮ್ಮೆ. ನನಗೆ ಅವರಿಗಿಂತ ಸ್ವಲ್ಪ ಜಾಸ್ತಿಯೇ.

ವಚನಾಳ ಹೆಸರನ್ನು ಮೂರು ಜನ ಹೇಳಿದ್ದರು. ದೀಪಾಂಜಲಿ ನಗರದ ಹುಡುಗಿ, ಹದಿನೇಳು ವರ್ಷ, ರೈಟ್ ವಿಂಗರ್. ವಿಂಗರ್ ಅಂದರೆ ಮೈದಾನದ ಅಂಚಿನಲ್ಲಿ ಓಡಿ, ಎದುರಿನವರನ್ನು ದಾಟಿ, ಗೋಲಿನ ಮುಂದಕ್ಕೆ ಚೆಂಡು ಹಾಕಿಕೊಡಬೇಕಾದವಳು. ತಂಡದಲ್ಲಿ ಖಾಲಿ ಇದ್ದದ್ದು ಅದೊಂದೇ ಜಾಗ, ಗುರುವಾರ ಪಟ್ಟಿ ಹೋಗಬೇಕಿತ್ತು. ಅವಳಿಗೂ ಇದು ಕೊನೆಯ ವರ್ಷ. ಡಿಸೆಂಬರ್ ದಾಟಿದರೆ ವಯಸ್ಸು ಮೀರುತ್ತದೆ, ಆಮೇಲೆ ಹೊಸಬಳನ್ನು ಕರೆದು ಕಲಿಸುವಷ್ಟು ಪುರುಸೊತ್ತು ಯಾವ ಕ್ಲಬ್ಬಿಗೂ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ಬಂದಳು. ಸಣಕಲು ಕಾಲು, ಎರಡು ಜಡೆ, ಅಣ್ಣನದೋ ಯಾರದೋ ದೊಗಲೆ ಜೆರ್ಸಿ. ಓಟ ನೋಡಿ ನಾನೇ ಪೆನ್ನು ಕೆಳಗಿಟ್ಟೆ. ಅಂಥ ವೇಗ. ಆದರೆ ಚೆಂಡು ಸಿಕ್ಕಿದ್ದೇ ತಡ, ಬಲಗಾಲಲ್ಲಿ ಅದನ್ನು ಬಲಕ್ಕೆ ಗೆರೆಯಾಚೆ ಒದ್ದು, ತಾನು ಎದುರಿನವಳನ್ನು ಎಡಕ್ಕೆ ದಾಟಿ ನುಗ್ಗಿಬಿಡುತ್ತಿದ್ದಳು. ಚೆಂಡು ಹೊರಗೆ, ಇವಳು ಒಳಗೆ. ಒಂದಲ್ಲ ಎರಡಲ್ಲ, ಆರು ಸಲ. ಕೊನೆಗೆ ಹುಡುಗಿಯರು ಕಿಸಕ್ಕನೆ ನಗತೊಡಗಿದರು.

‘ವೇಗ ಇದೆ. ಚೆಂಡಿನ ಮೇಲೆ ಹಿಡಿತ ಇಲ್ಲ. ಬೇಡ’ ಎಂದು ಬರೆದು ಸಹಿ ಹಾಕಿದೆ.

ಅವಳು ಅಳಲಿಲ್ಲ. ಹತ್ತಿರ ಬಂದು, “ಮೇಡಂ, ಇಲ್ಲಿ ಪಕ್ಕದಲ್ಲಿ ಏನೂ ಇಲ್ವಲ್ಲ” ಎಂದಳು.

“ಏನಿರ್ಬೇಕಿತ್ತಮ್ಮಾ? ನಿಮ್ಮಜ್ಜಿ ಚೇರ್ ಹಾಕ್ಕೊಂಡು ಕೂತಿರ್ಬೇಕಿತ್ತಾ?”

ತುಟಿ ಕಚ್ಚಿಕೊಂಡು ಹೋದಳು. ನನ್ನ ನಾಲಿಗೆ ಹಾಗೆಯೇ, ಏನು ಮಾಡಲಿ.

ಮನೆಗೆ ಬಂದು ಊಟಕ್ಕೆ ಕೂತಾಗ ತಲೆಯಲ್ಲಿ ಹುಳ ಕೊರೆಯತೊಡಗಿತು. ಹಿಡಿತ ಇಲ್ಲದವಳ ಚೆಂಡು ದಿಕ್ಕಿಗೊಂದರಂತೆ ಹೋಗಬೇಕು. ಇವಳದು ಆರು ಸಲವೂ ಒಂದೇ ಓರೆಯಲ್ಲಿ, ಒಂದೇ ಎತ್ತರದಲ್ಲಿ, ಒಂದೇ ಬಿರುಸಿನಲ್ಲಿ ಹೋಗಿತ್ತು. ಬೇಕೆಂದೇ ಹೊಡೆದರೂ ನನಗೆ ಹಾಗೆ ಬರುವುದಿಲ್ಲ. ಸೋಮವಾರ ಶಾಲೆ ಬಿಟ್ಟವಳೇ ಫಾರಂನಲ್ಲಿದ್ದ ವಿಳಾಸ ಹಿಡಿದು ಮೆಟ್ರೋ ಹತ್ತಿದೆ.

ಅವಳ ಬೀದಿ ಎರಡು ಸ್ಕೂಟರ್ ಒಟ್ಟಿಗೆ ಹೋಗಲಾರದಷ್ಟು ಕಿರಿದು. ಒಂದು ಕಡೆ ಸಾಲು ಮನೆಗಳ ಮೆಟ್ಟಿಲು, ಇನ್ನೊಂದು ಕಡೆ ಉದ್ದಕ್ಕೂ ಒಂದೇ ಕಾಂಪೌಂಡ್ ಗೋಡೆ. ವಚನಾ ನಾಲ್ಕು ಹುಡುಗರ ಜೊತೆ ಆಡುತ್ತಿದ್ದಳು. ಎದುರಿಗೆ ಒಬ್ಬ ಬಂದ. ಅವಳು ಚೆಂಡನ್ನು ಬಲಕ್ಕೆ ಗೋಡೆಗೆ ಹೊಡೆದು ಅವನನ್ನು ಎಡಕ್ಕೆ ದಾಟಿ ನುಗ್ಗಿದಳು. ಗೋಡೆಗೆ ಬಡಿದ ಚೆಂಡು ಅವನ ಬೆನ್ನ ಹಿಂದೆ ಸರಿಯಾಗಿ ಅವಳ ಕಾಲಿಗೇ ಬಂತು. ಎರಡನೆಯವನಿಗೂ ಅದೇ ಗತಿ, ಮೂರನೆಯವನಿಗೂ ಅದೇ. ನನಗೆ ಮೈ ಜುಮ್ಮೆಂದಿತು. ಹಿಂದೆಯೇ ನಾಚಿಕೆಯೂ ಆಯಿತು.

ಗೇಟು ತೆಗೆದು ಹಿರಿಯರೊಬ್ಬರು ಹೊರಗೆ ಬಂದರು. ಗೋಡೆಯ ಯಜಮಾನರು, ಸೇತುರಾಮ ಅಂತ, ಬ್ಯಾಂಕಿನಲ್ಲಿದ್ದು ರಿಟೈರ್ ಆದವರಂತೆ.

“ನೀವು ಆ ಹುಡುಗಿ ಕಡೆಯೋರೇನಮ್ಮಾ? ಬನ್ನಿ ಇಲ್ಲಿ, ನೋಡಿ” ಎಂದು ಗೋಡೆಯ ಬುಡ ತೋರಿಸಿದರು. ಮೊಣಕಾಲಿಗಿಂತ ಕೆಳಗೆ, ಊಟದ ತಟ್ಟೆಯಷ್ಟು ಅಗಲಕ್ಕೆ ಬಣ್ಣ ಹೋಗಿ ಗಾರೆ ಕಾಣುತ್ತಿತ್ತು. ಹತ್ತು ಹೆಜ್ಜೆ ಆಚೆಗೆ ಇನ್ನೊಂದು, ಅದರಾಚೆ ಮತ್ತೊಂದು. ಉಳಿದ ಗೋಡೆಯಲ್ಲಿ ಚೆಂಡಿನ ಒಂದು ಗುರುತೂ ಇರಲಿಲ್ಲ. “ಹತ್ತು ವರ್ಷದಿಂದ ಬೈತಾ ಇದೀನಿ, ಕೇಳಲ್ಲ. ಈಗ ಪೂರ್ತಿ ಗೋಡೆಗೆ ಪೇಂಟ್ ಮಾಡಿಸೋದೇ ಬಿಟ್ಟಿದೀನಿ. ಈ ಮೂರು ಜಾಗಕ್ಕೆ ಮಾತ್ರ. ಬೇರೆ ಕಡೆ ಬಿದ್ರೆ ತಾನೇ!”

ಇದಕ್ಕಿಂತ ಇನ್ನೆಂಥ ರಿಪೋರ್ಟು ಬೇಕು? ಹಿಡಿತ ಇಲ್ಲ ಎಂದು ಬರೆದವಳು ನಾನು.

ಆದರೆ ಮೈದಾನದಲ್ಲಿ ಗೋಡೆ ಇರುವುದಿಲ್ಲ. ಕರುಣೆಯಿಂದ ಸೇರಿಸಿಕೊಂಡರೆ ಎರಡು ತಿಂಗಳಲ್ಲಿ ಬೆಂಚಿನ ಮೇಲೆ ಕೂತು ಬೇಜಾರಾಗಿ ವಾಪಸ್ ಬರುತ್ತಾಳೆ. ರಾಜೇಂದ್ರ ಅವರಿಗೆ ಫೋನ್ ಮಾಡಿ ಬುಧವಾರ ಸಂಜೆ ಇನ್ನೊಂದು ಸಲ ನೋಡೋಣ ಎಂದೆ.

“ಇದನ್ನ ಹೇಳ್ತಿರೋದು ನೀವೇನಾ ಮೇಡಂ?” ಎಂದರು.

“ನಾನೇ ಸಾರ್. ಹುಷಾರಾಗೇ ಇದೀನಿ.”

ಮಂಗಳವಾರ, ಬುಧವಾರ ಬೆಳಿಗ್ಗೆ ಆರಕ್ಕೇ ಅವಳನ್ನು ಮೈದಾನಕ್ಕೆ ಕರೆಸಿದೆ. ಗೆರೆಯ ಮೇಲೆ ನಾನೇ ಗೋಡೆಯಾಗಿ ನಿಂತೆ. ನನಗೆ ಕೊಡುವುದು, ಮುಂದಕ್ಕೆ ಓಡುವುದು, ವಾಪಸ್ ತೆಗೆದುಕೊಳ್ಳುವುದು. ಮೊದಲ ಹತ್ತು ಸಲ ನನ್ನ ಮುಖವನ್ನೂ ನೋಡದೆ ಒದ್ದು ಓಡಿದಳು. ಗೋಡೆಯನ್ನು ಯಾರು ನೋಡುತ್ತಾರೆ? ನಾನೂ ಬೇಕೆಂದೇ ಒಮ್ಮೆ ಮೆಲ್ಲಗೆ, ಒಮ್ಮೆ ಅವಳ ಬೆನ್ನ ಹಿಂದಕ್ಕೆ ಕೊಟ್ಟೆ. ಅವಳಿಗೆ ರೇಗಿತು.

“ಮೇಡಂ, ಸರಿಯಾಗಿ ಕೊಡಿ! ನಮ್ ಗೋಡೆ ಹಿಂಗ್ ಮಾಡಲ್ಲ!”

“ಇಲ್ಲಿ ಯಾರೂ ಸರಿಯಾಗಿ ಕೊಡಲ್ಲ ಕಣೇ. ಮನುಷ್ಯರು ಕೊಡೋದೇ ಹಿಂಗೆ. ಕೆಟ್ಟದಾಗಿ ಬಂದ್ರೂ ಹೋಗಿ ತಗೋಬೇಕು, ಮತ್ತೆ ಅವ್ರಿಗೇ ಕೊಡ್ಬೇಕು. ಆಗಲ್ಲ ಅಂದ್ರೆ ಮನೆಗೆ ಹೋಗು, ಗೋಡೆ ಜೊತೆನೇ ಆಡ್ಕೋ.”

ಅವಳು ಹೋಗಲಿಲ್ಲ. ಕಣ್ಣೊರೆಸಿಕೊಂಡು, “ಇನ್ನೊಂದ್ಸಲ” ಎಂದಳು. ಬುಧವಾರ ಬೆಳಿಗ್ಗೆ ನನ್ನ ಮೊಣಕಾಲು ಊದಿಕೊಂಡು ಶಾಲೆಯ ಮೆಟ್ಟಿಲು ಹತ್ತಲು ಆಗಲಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ.

ಸಂಜೆ ಇಪ್ಪತ್ತು ನಿಮಿಷದ ಆಟ. ಅವಳ ಹಿಂದೆ ಗೆರೆಯ ಪಕ್ಕ ಆಡಲು ನಮ್ಮ ತಂಡದ ಮಾಲಾಳನ್ನು ಹಾಕಿದೆ. ಮಾಲಾ ಒಳ್ಳೆಯ ಹುಡುಗಿ, ಆದರೆ ಚೆಂಡು ಕೊಡುವುದರಲ್ಲಿ ದೇವರಿಗೇ ಪ್ರೀತಿ. ಮೊದಲ ಸಲ ಚೆಂಡು ಸಿಕ್ಕಾಗ ವಚನಾ ಹಳೆಯ ಚಾಳಿಯಲ್ಲಿ ಹೊರಗೆ ಒದ್ದಳು. ಎರಡನೆಯ ಸಲವೂ ಅದೇ. ರಾಜೇಂದ್ರ ವಾಚು ನೋಡಿದರು.

ಮೂರನೆಯ ಸಲ ನಿಂತಳು. ತಲೆಯೆತ್ತಿ ಮಾಲಾಳನ್ನು ನೋಡಿ, ಚೆಂಡು ಕೊಟ್ಟು ಓಡಿದಳು. ಮಾಲಾ ವಾಪಸ್ ಕೊಟ್ಟದ್ದು ಮೂರು ಮಾರು ಹಿಂದಕ್ಕೆ. ವಚನಾ ಅಷ್ಟು ವೇಗದಲ್ಲಿದ್ದವಳು ತಿರುಗಿ ಬಂದಳು. ಮುಖ ಗಂಟಿಕ್ಕಲಿಲ್ಲ, ಕೈ ಎತ್ತಿ ಬೈಯಲಿಲ್ಲ. ಚೆಂಡನ್ನು ತೆಗೆದುಕೊಂಡು ಮತ್ತೆ ಅದೇ ಮಾಲಾಳಿಗೆ ಕೊಟ್ಟು, “ಕೊಡೇ, ಬರ್ತೀನಿ!” ಎಂದು ಕೂಗಿ ಓಡಿದಳು. ಈ ಸಲ ಚೆಂಡು ನೆಟ್ಟಗೆ ಬಂತು. ಇಬ್ಬರನ್ನು ದಾಟಿ ಗೋಲಿನ ಮುಂದಕ್ಕೆ ಹಾಕಿಕೊಟ್ಟಳು. ಅಲ್ಲಿದ್ದವಳು ಅದನ್ನು ಆಕಾಶಕ್ಕೆ ಒದ್ದಳು.

“ಗೋಲ್ ಆಗ್ಲಿಲ್ವಲ್ಲ ಮೇಡಂ” ಎಂದರು ರಾಜೇಂದ್ರ.

“ಅದು ಅವಳ ಕೆಲಸ ಅಲ್ಲ ಸಾರ್” ಎಂದೆ. ಹೊಸ ಫಾರಂ ತೆಗೆದು ‘ಬೇಕು’ ಎಂದು ಬರೆದೆ. ಕಾರಣದ ಜಾಗದಲ್ಲಿ, ‘ಮೊದಲ ರಿಪೋರ್ಟಿನಲ್ಲಿ ತಪ್ಪಿದ್ದು ಆಟಗಾರ್ತಿ ಅಲ್ಲ, ನೋಡಿದವಳು’ ಎಂದು ಬರೆದು ಸಹಿ ಹಾಕಿದೆ. ವಚನಾಳಿಗೆ ಹೇಳಿದಾಗ ಅವಳು ಓಡಿಹೋಗಿ ತಬ್ಬಿಕೊಂಡದ್ದು ನನ್ನನ್ನಲ್ಲ, ಮಾಲಾಳನ್ನು. ಸರಿಯಾಗಿಯೇ ಮಾಡಿದಳು.

ರಾಜೇಂದ್ರ ಆಫೀಸಿನಲ್ಲಿ ಹಳೆಯ ಹಾಳೆ ಎತ್ತಿಕೊಂಡು, “ಇದನ್ನ ಹರಿದುಬಿಡ್ಲಾ? ಯಾರಿಗೂ ಗೊತ್ತಾಗಲ್ಲ” ಎಂದರು.

“ಬೇಡ ಸಾರ್, ಎರಡೂ ಒಟ್ಟಿಗೆ ಪಿನ್ ಮಾಡಿ. ಈ ವರ್ಷ ನಾನು ಬೇಡ ಅಂದೋರು ಎಷ್ಟು ಜನ?”

“ಮೂವತ್ತೊಂದು. ಯಾಕೆ?”

“ಆ ಫೈಲ್ ಕೊಡಿ.”

“ಎಲ್ಲರ ಮನೆಗೂ ಹೋಗ್ತೀರಾ ಈಗ?”

“ಮನೆಗಲ್ಲ. ಅವ್ರು ಆಡೋ ಜಾಗಕ್ಕೆ. ಮುಂದಿನ ವರ್ಷನೂ ವಯಸ್ಸು ಇರೋರ ಹತ್ರ ಮೊದ್ಲು.”

ಅವರು ನಗಲು ಹೋದವರು ನನ್ನ ಮುಖ ನೋಡಿ ಫೈಲು ತೆಗೆದುಕೊಟ್ಟರು. ಮೊದಲ ಹಾಳೆ ಆರ್‌ಪಿಸಿ ಲೇಔಟಿನ ಒಬ್ಬ ಹುಡುಗಿಯದು, ಹದಿನಾಲ್ಕು ವರ್ಷ. ‘ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಎಷ್ಟು ಹೊತ್ತು ಯೋಚಿಸಿದರೂ ಅವಳ ಮುಖ ನೆನಪಿಗೆ ಬರಲಿಲ್ಲ. ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.