ಕಂಬಿ ಮಾತ್ರ ಸ್ಪಷ್ಟ

ಕ್ಯಾಮೆರಾದ ಮೇಲ್ಮುಚ್ಚಳ ಬಿಚ್ಚಿ ದೀಪಕ್ಕೆ ಹಿಡಿದಾಗ ಅದರ ಒಳಮೈಯಲ್ಲಿ ರಿಪೇರಿಯವನಿಗೆ ಕಂಡದ್ದು ತನ್ನದೇ ಕೈಬರಹ. ಸೂಜಿಮೊನೆಯಿಂದ ಗೀರಿದ ಒಂದು ಅಕ್ಷರ, ಪಕ್ಕದಲ್ಲಿ ತಿಂಗಳು ಮತ್ತು ಇಸವಿ. ಇಪ್ಪತ್ತಾರು ವರ್ಷದ ಹಿಂದಿನದು. ಈ ಕಸುಬಿನವರಲ್ಲಿ ಅದೊಂದು ರೂಢಿ. ಕ್ಯಾಮೆರಾ ಬಿಚ್ಚಿದವನು ಮುಚ್ಚುವ ಮೊದಲು ಒಳಗೆಲ್ಲೋ ಒಂದು ಗುರುತು ಹಾಕುತ್ತಾನೆ. ಅದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ. ಮುಂದೆ ಬಿಚ್ಚುವವನೂ ತಾನೇ ಆಗುವುದು ಈಗೀಗ ಅಪರೂಪವಲ್ಲ, ಏಕೆಂದರೆ ಊರಿನಲ್ಲಿ ಈ ಕೆಲಸಕ್ಕೆ ಉಳಿದಿದ್ದವನು ಅವನೊಬ್ಬನೇ.

"ಹಳೇ ನೆಂಟ," ಎಂದು ಗೊಣಗಿ ಅವನು ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಂಡ. ಖುಷಿಯೇನೂ ಆಗಲಿಲ್ಲ. ಖುಷಿಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಔಷಧಿ ಅಂಗಡಿಯ ಮಹಡಿಯ ಮೇಲಿನ ಕೋಣೆ ಅವನದು. ಇಪ್ಪತ್ತೆರಡು ಮೆಟ್ಟಿಲು, ಕೊನೆಯದು ಉಳಿದವಕ್ಕಿಂತ ಎತ್ತರ. ದಿನಕ್ಕೆ ಒಬ್ಬರಾದರೂ ಎಡವುತ್ತಿದ್ದರು. ಕೆಲಸ ಕಲಿಸಿದ ದೊಡ್ಡಪ್ಪ ಬಿಟ್ಟುಹೋದ ಮೇಜು, ದೊಡ್ಡಪ್ಪನದೇ ಚಿಮಟಗಳು, ಕೆಳಗಿನ ಅಂಗಡಿಯವರು ಬಿಸಾಡಿದ ಮಾತ್ರೆ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂಗಳು. ಮೊಬೈಲಿನಲ್ಲಿ ಕ್ಯಾಮೆರಾ ಬಂದ ಮೇಲೆ ಹತ್ತು ವರ್ಷ ಇಲ್ಲಿ ನೊಣ ಹೊಡೆದದ್ದಾಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಜನಕ್ಕೆ ಮತ್ತೆ ಫಿಲ್ಮಿನ ಹುಚ್ಚು ಹಿಡಿಯಿತು. ಅಟ್ಟದಿಂದ, ಬೀರುವಿನ ತಳದಿಂದ ತಾತಂದಿರ ಕ್ಯಾಮೆರಾಗಳೆಲ್ಲ ಎದ್ದು ಬಂದವು. ತಂದವರೆಲ್ಲ ಮೇಜಿಗೊರಗಿ ಕಥೆ ಹೇಳುತ್ತಿದ್ದರು. "ಇದು ಬರೀ ಕ್ಯಾಮೆರಾ ಅಲ್ಲ ಅಂಕಲ್" ಎನ್ನುತ್ತಿದ್ದರು. ಹಿಂದಿನಿಂದ ತನ್ನನ್ನು 'ಸ್ಕ್ರೂ ತಾತ' ಎಂದು ಕರೆಯುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅವರ ಉತ್ಸಾಹವನ್ನು ಕೇಳಿ ಕೇಳಿ ಅವನಿಗೆ ಸಾಕಾಗಿಹೋಗಿತ್ತು. ಬಿಚ್ಚಿದ ಮೇಲೆ ಎಲ್ಲವೂ ಬರೀ ಕ್ಯಾಮೆರಾಗಳೇ. ಎಣ್ಣೆ ಒಣಗಿರುತ್ತದೆ, ಸ್ಪ್ರಿಂಗು ಸೋತಿರುತ್ತದೆ, ಅಷ್ಟೆ. ಚಿಮಟ ಹಿಡಿದ ಕೈ ಈಗ ಸಣ್ಣಗೆ ಅಲುಗುತ್ತಿತ್ತು. ಈ ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ತೀರ್ಮಾನವಾಗಿತ್ತು.

ಈ ಕ್ಯಾಮೆರಾ ತಂದವಳು ಹಲ್ಲಿನ ಡಾಕ್ಟರು, ನಲವತ್ತರ ಹತ್ತಿರದ ಹೆಂಗಸು. ಕೊನೆಯ ಮೆಟ್ಟಿಲಲ್ಲಿ ಎಡವಿಯೇ ಒಳಗೆ ಬಂದಿದ್ದಳು.

"ಅಪ್ಪಂದು," ಎಂದಳು. "ಬೀರು ಖಾಲಿ ಮಾಡುವಾಗ ಸಿಕ್ತು. ನಿನಗೇ ಇರಲಿ ಅಂದ್ರು. ಮುಟ್ಟಿ ಇಪ್ಪತ್ತೈದು ವರ್ಷದ ಮೇಲಾಯ್ತು."

"ಏನು ತೊಂದರೆ?"

"ಕ್ಯಾಮೆರಾಗೆ ಏನೂ ಇಲ್ವಂತೆ, ಒಂದ್ಸಲ ಕ್ಲೀನ್ ಮಾಡಿ ಕೊಡಿ ಸಾಕು. ತೊಂದರೆ ಅಪ್ಪನ ಕೈಯಲ್ಲಿತ್ತು." ಕೈಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. "ಮೊದಲು ಚೆನ್ನಾಗಿ ತೆಗೀತಿದ್ರು. ಒಂದು ಸಲ ಎಲ್ಲರೂ ಸಮುದ್ರಕ್ಕೆ ಹೋಗಿದ್ವಿ. ಮೂರು ರೋಲು. ಒಬ್ಬರ ಮುಖಾನೂ ಸರಿಯಾಗಿ ಬರಲಿಲ್ಲ, ಎಲ್ಲಾ ಮಸುಕು. ಅವರಪ್ಪನಿಗೆ ಕೈ ನಡುಗೋ ಕಾಯಿಲೆ ಇತ್ತು. ನನಗೂ ಶುರುವಾಯ್ತು ಅಂದುಕೊಂಡ್ರು. ಚಿಕ್ಕಪ್ಪಂದಿರು ಬೇರೆ ಆಡಿಕೊಂಡು ನಕ್ಕರು. ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ನಕ್ಷೆ ಬಿಡಿಸೋ ಕೆಲಸ ಅವರದು, ಅದನ್ನೂ ಬಿಟ್ಟು ಫೈಲು ಜೋಡಿಸೋ ಕಡೆಗೆ ಕೇಳಿ ಹಾಕಿಸಿಕೊಂಡ್ರು. ನನ್ನ ಮಗಳು ಹುಟ್ಟಿದಾಗ ನಿಂತು ಎತ್ತಿಕೊಳ್ಳಲಿಲ್ಲ. ಕೂತು, ತೊಡೆ ಮೇಲೆ ದಿಂಬು ಇಟ್ಕೊಂಡು, ಆಮೇಲೆ ಕೊಡು ಅಂದ್ರು."

"ಡಾಕ್ಟರಿಗೆ ತೋರಿಸಲಿಲ್ವಾ?"

"ಹೆದರಿಕೆ. ನನ್ನ ಹತ್ರ ಬರೋರೂ ಹಾಗೇ. ಹಲ್ಲು ಪೂರ್ತಿ ಹೋದ ಮೇಲೆ ಬಂದು ನಿನ್ನೆಯಿಂದ ನೋವು ಅಂತಾರೆ."

ಇದಾಗಿ ಐದು ದಿನ ಕಳೆದಿತ್ತು. ರಿಪೇರಿಯವನು ಆ ಕಥೆಯನ್ನೂ ಉಳಿದ ಕಥೆಗಳ ಜೊತೆ ಮರೆತಿದ್ದ. ಈಗ ತನ್ನ ಸಹಿ ನೋಡಿದ ಮೇಲೆ, ಸುಮ್ಮನೆ ಅಭ್ಯಾಸಬಲದಿಂದ, ಫಿಲ್ಮು ಕೂರುವ ಜಾಗಕ್ಕೆ ಒಂದು ತುಂಡು ತೆಳು ಕಾಗದ ಅಂಟಿಸಿ ಕ್ಯಾಮೆರಾವನ್ನು ಕಿಟಕಿಯತ್ತ ತಿರುಗಿಸಿದ. ಲೆನ್ಸು ಕಂಡದ್ದು ಆ ಕಾಗದದ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಟವೆಲನ್ನು, ಲೆನ್ಸಿಗಿಂತ ಬೇರೆಯಾಗಿ ಮೇಲಿರುವ ಕಣ್ಣಿಡುವ ಕಿಂಡಿಯಲ್ಲಿ ನೋಡಿ ಫೋಕಸ್ ಮಾಡಿದ. ಕಿಂಡಿಯಲ್ಲಿ ಅದರ ಅಂಚಿನ ಗೆರೆಯೂ ಕಾಣುತ್ತಿತ್ತು. ಕಾಗದದ ಮೇಲೆ ಟವೆಲು ಕಲಸಿಹೋಗಿತ್ತು. ಅವನದೇ ಕಿಟಕಿಯ ಸರಳು ಮಾತ್ರ ತುಕ್ಕಿನ ಕಲೆ ಸಮೇತ ಎದ್ದು ಕಾಣುತ್ತಿತ್ತು.

ಲೆನ್ಸು ಬಿಚ್ಚಿದ.

ಲೆನ್ಸಿನ ಒಳಗೆ ಎರಡು ಹಿತ್ತಾಳೆ ಉಂಗುರಗಳು ಒಂದರೊಳಗೊಂದು ತಿರುಪಿಕೊಂಡು ಕೂರುತ್ತವೆ. ಬಾಟಲಿಯ ಮುಚ್ಚಳಕ್ಕಾದರೆ ತಿರುಪು ಹಿಡಿಯಲು ಶುರುವಾಗುವ ಜಾಗ ಒಂದೇ. ಈ ಉಂಗುರಗಳಿಗೆ ಆರು. ಆರರಲ್ಲೂ ಸಲೀಸಾಗಿ ಹಿಡಿಯುತ್ತದೆ, ಬೆಣ್ಣೆಯ ಹಾಗೆ ತಿರುಗುತ್ತದೆ, ಆದರೆ ಸರಿಯಾದದ್ದು ಒಂದೇ. ಅದಕ್ಕೇ ದೊಡ್ಡಪ್ಪ ಬಿಚ್ಚುವ ಮೊದಲು ಎರಡಕ್ಕೂ ಗೆರೆ ಹಾಕಿಸುತ್ತಿದ್ದ, ಕೂರಿಸಿದ ಮೇಲೆ ಕಾಗದ ಇಟ್ಟು ನೋಡಿಸುತ್ತಿದ್ದ. ನೋಡದೆ ಕೊಟ್ಟರೆ ಕೈ ಕಡಿಯುತ್ತೇನೆ ಅನ್ನುತ್ತಿದ್ದ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಳು ಇದ್ದವು, ತನ್ನವೇ, ನೀಟಾದ ಗೆರೆಗಳು. ಒಂದರ ಎದುರು ಒಂದು ಬರಬೇಕಾದವು ಒಂದು ಸ್ಥಾನ ಆಚೆಗೆ ನಿಂತಿದ್ದವು.

ಅವಳು ಬಿಟ್ಟುಹೋಗಿದ್ದ ಲಕೋಟೆಯಿಂದ ಫೋಟೋ ಹೊರತೆಗೆದ. ಸಮುದ್ರದ ಮುಂದೆ ಕಬ್ಬಿಣದ ಕಂಬಿ, ಕಂಬಿಯ ಆಚೆ ಒಬ್ಬ ಹೆಂಗಸು, ಗಾಳಿಗೆ ಹಾರುವ ಕೂದಲನ್ನು ಒಂದು ಕೈಯಲ್ಲಿ ಒತ್ತಿಕೊಂಡು ನಿಂತಿದ್ದಾಳೆ. ನಗುತ್ತಿದ್ದಳೋ ಏನೋ, ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು. ಕಂಬಿಯ ಒಂದೊಂದು ಮೊಳೆಯೂ, ಎದ್ದ ಬಣ್ಣದ ಒಂದೊಂದು ಚಕ್ಕೆಯೂ ಸ್ಪಷ್ಟವಾಗಿತ್ತು. ಕೈ ನಡುಗಿದರೆ ಕಂಬಿಯೂ ನಡುಗಬೇಕಿತ್ತು. ಇದು ಆ ಮನುಷ್ಯನ ಕೈಯ ದೋಷವೇ ಅಲ್ಲ.

ಅವನು ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಜ್ವರವಿತ್ತೇ, ಮನೆಯಲ್ಲಿ ಏನಾದರೂ ಆಗಿತ್ತೇ, ಗಿರಾಕಿ ಅವಸರಪಡಿಸಿದನೇ? ನೆನಪಾಗಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು. ಏನೂ ನೆನಪಾಗಲಿಲ್ಲ. ಅವನ ಪಾಲಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಊಟದ ಡಬ್ಬಿ ತಂದ ಹೆಂಡತಿ ಎರಡು ಉಂಗುರಗಳನ್ನು ಮುಂದಿಟ್ಟುಕೊಂಡು ಕೂತ ಗಂಡನನ್ನು ನೋಡಿ ಸ್ಟೂಲು ಎಳೆದುಕೊಂಡಳು. ಅವನು ಎಲ್ಲ ಹೇಳಿದ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಸರಿ ಮಾಡೋಕೆ ಆಗತ್ತಾ?"

"ಹತ್ತು ನಿಮಿಷ."

"ಮಾಡಿ ಕೊಟ್ಬಿಡಿ. ನೀವು ಹೇಳದಿದ್ರೆ ಯಾರಿಗೆ ಗೊತ್ತಾಗತ್ತೆ?"

"ಯಾರಿಗೂ ಇಲ್ಲ. ಬಾಗಿಲು ಹಾಕೋಕೆ ಇನ್ನು ಒಂಬತ್ತು ದಿನ. ನಲವತ್ತು ವರ್ಷ ಕೆಟ್ಟ ಹೆಸರು ತಗೊಂಡಿಲ್ಲ."

"ಮತ್ತೆ?"

ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ತಳ್ಳಿದಳು, ಅವನು ಮುಟ್ಟಲಿಲ್ಲ. ಕಾಲು ಗಂಟೆ ಕಾದು ಮತ್ತೆ ಮುಚ್ಚಿದಳು.

"ನೀವು ಕೂತಿರೋ ರೀತಿ ನೋಡಿದ್ರೆ ಒಬ್ಬರಿಗೆ ಗೊತ್ತಾಗಿಹೋಗಿದೆ," ಎಂದು ಎದ್ದು ಹೋದಳು.

ಹಲ್ಲಿನ ಡಾಕ್ಟರು ಶನಿವಾರ ಬೆಳಿಗ್ಗೆ ಬಂದಳು. ಈ ಸಲ ಎಡವಲಿಲ್ಲ. ಹೊಸ ಫಿಲ್ಮು ಕೊಂಡುಕೊಂಡೇ ಬಂದಿದ್ದಳು, ಹಾಕುವುದು ಹೇಗೆ ತೋರಿಸಿ ಎಂದಳು. ಅವನು ಫಿಲ್ಮಿನ ತುದಿಯನ್ನು ಸುರುಳಿಗೆ ಸಿಕ್ಕಿಸಿ, ಬೆನ್ನು ಮುಚ್ಚಿ, ಎರಡು ಸಲ ತಿರುಗಿಸಿ ಕೊಟ್ಟ. ಕೊಟ್ಟ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಹೇಳಿಬಿಟ್ಟ. ತಯಾರು ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋಗಿ ಉಳಿದದ್ದು ಮೂರೇ ವಾಕ್ಯ. ನಿಮ್ಮಪ್ಪನ ಕೈ ನಡುಗಿರಲಿಲ್ಲ. ಲೆನ್ಸನ್ನು ತಪ್ಪಾಗಿ ಕೂರಿಸಿದ್ದವನು ನಾನು. ಪರೀಕ್ಷೆ ಮಾಡದೆ ಕೊಟ್ಟಿದ್ದೆ.

ಅವಳು ಕ್ಯಾಮೆರಾವನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಕುತ್ತಿಗೆ ಕೆಂಪಾಯಿತು.

"ಆ ಫೋಟೋ ತೆಗೆದ ಮುಂದಿನ ವರ್ಷ ಅಮ್ಮ ಹೋದ್ರು," ಎಂದಳು. "ಅಮ್ಮನ ಕೊನೇ ಫೋಟೋ ಅದೇ."

ಅವನಿಗೆ ಅದು ಗೊತ್ತಿರಲಿಲ್ಲ.

"ನನಗೆ ಹೇಳಿ ಏನು ಪ್ರಯೋಜನ? ಅಪ್ಪ ಕೆಳಗೆ ಕಾರಲ್ಲಿದ್ದಾರೆ. ಮೆಟ್ಟಿಲು ಹತ್ತಲ್ಲ ಅವರು. ನೀವೇ ಬಂದು ಹೇಳಿ."

ಇಪ್ಪತ್ತೆರಡು ಮೆಟ್ಟಿಲನ್ನು ಅವನು ಬದಿಯ ಕಬ್ಬಿಣದ ಕಂಬಿ ಹಿಡಿದು ಇಳಿದ. ಮೊಣಕಾಲು ಪ್ರತಿ ಮೆಟ್ಟಿಲಿಗೂ ತಕರಾರು ಮಾಡಿತು. ಕಾರಿನ ಮುಂದಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ತೆಳ್ಳಗಿನ ಮುದುಕರು, ಎರಡೂ ಕಾಲು ಹೊರಗೆ ರಸ್ತೆಯ ಮೇಲಿಟ್ಟುಕೊಂಡು, ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು. ಇಷ್ಟು ವರ್ಷ ಕೈಗಳನ್ನು ಹೀಗೇ ಬಚ್ಚಿಟ್ಟುಕೊಂಡು ಕೂತಿದ್ದಾರೆ ಎಂಬುದು ರಿಪೇರಿಯವನಿಗೆ ನೋಡಿದ ಕೂಡಲೇ ತಿಳಿಯಿತು.

ಅವನು ಹೇಳಿದ. ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋದದ್ದರಿಂದ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮುದುಕರು ಫೋಟೋ ಕೇಳಿ ತೆಗೆದುಕೊಂಡರು.

"ಹೇಗೆ ಹೇಳ್ತೀರಿ, ಕೈಯಲ್ಲ ಅಂತ?"

"ಕಂಬಿ ನೋಡಿ ಸಾರ್."

ಅವರು ನೋಡಿದರು, ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಮೊಳೆ ಎಣಿಸಬಹುದು," ಎಂದರು.

"ಹೌದು."

"ಇಪ್ಪತ್ತಾರು ವರ್ಷ ನೋಡಿದೀನಿ ಈ ಫೋಟೋನ. ಕಂಬಿ ನೋಡ್ಲೇ ಇಲ್ಲ."

ಮಗಳು ಕ್ಯಾಮೆರಾವನ್ನು ಅಪ್ಪನ ಪಕ್ಕದ ಸೀಟಿನ ಮೇಲಿಟ್ಟು, ಕಾರಿನ ಆಚೆ ಬದಿಗೆ ಹೋಗಿ ಬೆನ್ನು ಮಾಡಿ ನಿಂತಳು.

"ನೀವು ಹೇಳಬಾರದಿತ್ತು," ಎಂದರು ಮುದುಕರು. "ಇಷ್ಟು ದಿನ ಎಲ್ಲಾ ಈ ಕೈ ಮೇಲೆ ಹಾಕಿದ್ದೆ. ಈಗ ಯಾರ ಮೇಲೆ ಹಾಕಲಿ?"

"ನನ್ನ ಮೇಲೆ ಹಾಕಿ."

"ಹಾಕ್ತೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಿಪೇರಿಯವನಿಗೆ ನಿಲ್ಲುವುದು ಸುಲಭವಾಗುತ್ತಿತ್ತು.

ಮುದುಕರು ತೊಡೆಯ ನಡುವಿನಿಂದ ಕೈಗಳನ್ನು ಹೊರತೆಗೆದು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡರು. ಈಗ ಅವು ನಿಜವಾಗಿಯೂ ಅಲುಗುತ್ತಿದ್ದವು. ಎಪ್ಪತ್ತೆಂಟರ ಕೈಗಳು. ಅವನ್ನೇ ನೋಡುತ್ತ ಕೇಳಿದರು, "ಈಗ ಸರಿಯಾಗಿದೆಯಾ?"

"ಮೂರು ಸಲ ನೋಡಿದೀನಿ."

"ಫಿಲ್ಮು?"

"ಹಾಕಿದೆ."

"ಅಲ್ಲಿ ನಿಂತ್ಕೊಳ್ಳಿ." ಮಹಡಿಯ ಮೆಟ್ಟಿಲ ಬದಿಯ ಕಬ್ಬಿಣದ ಕಂಬಿಯನ್ನು ತೋರಿಸಿದರು. "ಮುಂದೆ ಬೇಡ. ಹಿಂದೆ."

ರಿಪೇರಿಯವನು ಕಂಬಿಯ ಹಿಂದೆ ಹೋಗಿ ನಿಂತ. ಇಷ್ಟು ವರ್ಷದಲ್ಲಿ ಸಾವಿರಾರು ಲೆನ್ಸುಗಳೊಳಗೆ ಇಣುಕಿದವನಿಗೆ ಅದರ ಎದುರು ನಿಂತು ಅಭ್ಯಾಸವಿರಲಿಲ್ಲ. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು, ತೆಗೆಯೋಣ ಅನ್ನಿಸಿ ಬಿಟ್ಟ. ಮುದುಕರು ಕ್ಯಾಮೆರಾ ಎತ್ತಿಕೊಂಡು, ಬಾಗಿಲು ಹಿಡಿದು ಎದ್ದು ನಿಂತರು. ಮಗಳು ಓಡಿ ಬಂದು ಮೊಣಕೈ ಹಿಡಿಯಲು ಹೋದಳು.

"ಬಿಡು," ಎಂದರು.

ಕ್ಯಾಮೆರಾ ಕಣ್ಣಿಗೆ ಹೋಯಿತು. ಅದರ ಗಾಜು ಬಿಸಿಲಿಗೆ ಮಿನುಗಿ ಅತ್ತಿತ್ತ ಅಲುಗಿತು. ಮುದುಕರು ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರು, ಎಡ ಮೊಣಕೈಯನ್ನು ಕಾರಿನ ಬಾಗಿಲ ಮೇಲೆ ಊರಿದರು, ಉಸಿರು ಅರ್ಧ ಬಿಟ್ಟು ನಿಲ್ಲಿಸಿದರು. ಔಷಧಿ ಅಂಗಡಿಗೆ ಬಂದ ಇಬ್ಬರು ದಾಟಲೋ ಬೇಡವೋ ಎಂದು ನಡುವೆ ನಿಂತರು. ಗಾಜಿನ ಮಿನುಗು ಸಣ್ಣದಾಗುತ್ತ ಬಂದು ಒಂದೇ ಕಡೆ ನಿಂತಿತು. ಕಂಬಿಯ ಹಿಂದೆ ರಿಪೇರಿಯವನು ರೆಪ್ಪೆ ಬಡಿಯದೆ, ತಾನೂ ಉಸಿರು ಹಿಡಿದು, ಕಾದ.