ಗುಲಾಬಿ ಮೈಯ ಕೂಸು

ಆರೋಗ್ಯವಾದ ಕೂಸಿನ ಮೈ ಗುಲಾಬಿ ಬಣ್ಣಕ್ಕಿರುತ್ತದೆ ಎಂದು ಮೊಬೈಲಿನ ತಾಯಂದಿರ ಆಪ್ ಹೇಳಿತ್ತು. ಐ.ಡಿ.ಹಳ್ಳಿಯ ಆಶಾರಾಣಿ ಮಡಿಲಲ್ಲಿದ್ದ ಮಗಳನ್ನು ನೋಡಿದಳು. ಕರಿ ಎಳ್ಳಿನ ಬಣ್ಣ, ಗುಂಡುಕಲ್ಲಿನಂಥ ಮೈ. ಆದರೂ ಹೆದರಿ ಮಧುಗಿರಿಯ ಡಾಕ್ಟರ ಹತ್ತಿರ ಓಡಿದಳು. ಅವರು ನಕ್ಕು ವಾಪಸು ಕಳಿಸಿದರು. ಹೆದರಿದ್ದಕ್ಕೆ ನಾಚಿಕೆ, ಹೆದರಿಸಿದವರ ಮೇಲೆ ಸಿಟ್ಟು. ಆಪ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿ, "ಆಪ್‌ನಾಗೆ ಮಾತು ನಮ್ ಕನ್ನಡ, ಫೋಟೋದಾಗಿನ ಕೂಸುಗಳೆಲ್ಲ ಯಾವ್ ದೇಶದ್ವು? ನಮ್ಮಂಥೋರ ಮಕ್ಳನ್ನೂ ಹಾಕಿ," ಎಂದು ಜಾಡಿಸಿದಳು.

ಆಪ್‌ನವರು ಬಂದೇಬಿಟ್ಟರು. ಅತ್ತೆ ಕೆಂಚಮ್ಮ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವುದನ್ನು ಫೋಟೋ ತೆಗೆದುಕೊಂಡು ಹೋದರು.

ಆ ಫೋಟೋ ಆಪ್‌ನಲ್ಲಿ ಬಂದಾಗ ಆಶಾರಾಣಿ ಬೆಚ್ಚಿದಳು. ಕೂಸು ಹಾಲಲ್ಲಿ ಅದ್ದಿ ತೆಗೆದ ಹಾಗಿತ್ತು. ಕೆನ್ನೆಯ ದೃಷ್ಟಿಬೊಟ್ಟನ್ನೂ ಅಳಿಸಿದ್ದರು. ಕೆಂಚಮ್ಮನ ಕಾಲುಗಳನ್ನು ಮಾತ್ರ ಮರೆತಿದ್ದರು. ಅವು ಇದ್ದಂತೆ ಕರ್ರಗೇ ಇದ್ದವು.

ಕೆಂಚಮ್ಮನಿಗೆ ಹಿಗ್ಗೋ ಹಿಗ್ಗು. ಮೊಮ್ಮಗಳು ಬೆಳ್ಳಗಾಗಲೆಂದು ದಿನಾ ಕಡಲೆಹಿಟ್ಟು ಉಜ್ಜುತ್ತಿದ್ದವಳು ಅವಳು. "ಹೆಂಗ್ ಕಾಣ್ತಾಳೆ ನೋಡ್ರವ್ವ! ಇಂಗೇ ಆಗ್ಬುಟ್ರೆ ಮದ್ವೆ ಚಿಂತೆನೇ ಇಲ್ಲ," ಎಂದು ಕೇರಿಗೆಲ್ಲ ತೋರಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ಈ ಅತ್ತೆ. ಆಶಾರಾಣಿಗೆ ಬೇರೆಯೇ ಚಿಂತೆ. ಮಗಳು ದೊಡ್ಡವಳಾಗಿ ಈ ಚಿತ್ರ ನೋಡಿ, ತನ್ನ ಬಣ್ಣವೇ ತಪ್ಪು ಎಂದುಕೊಂಡರೆ?

ಮಧುಗಿರಿಯಲ್ಲಿ ಆಪ್‌ನವರ ಸಮಾರಂಭ. ಅತ್ತೆ ಸೊಸೆಗೆ ಸೀರೆ ಕೊಟ್ಟು ಸನ್ಮಾನವಂತೆ. ವೇದಿಕೆಯ ಮೇಲೆ ಆಳೆತ್ತರದ ಫ್ಲೆಕ್ಸ್, ಅದರಲ್ಲಿ ಅದೇ ಚಿತ್ರ. ಕಂಪನಿಯ ಮೇಡಂ ಕೆಂಚಮ್ಮನ ತೋಳಲ್ಲಿದ್ದ ಕೂಸನ್ನು ನೋಡಿ ಕೇಳಿದಳು: "ಅಜ್ಜಿ, ಫೋಟೋದಲ್ಲಿರೋ ಮಗುನ ಕರ್ಕೊಂಡು ಬರ್ಲಿಲ್ವಾ?"

ಕೆಂಚಮ್ಮ ಫ್ಲೆಕ್ಸನ್ನು ನೋಡಿದಳು, ಕೂಸನ್ನು ನೋಡಿದಳು. ಮೆಲ್ಲಗೆ ಸೆರಗೆಳೆದು ಕೂಸಿನ ಮುಖ ಮುಚ್ಚಿದಳು. ಆಶಾರಾಣಿಗೆ ತಡೆಯಲಾಗದೆ ಹೋದದ್ದು ಅದನ್ನೇ.

ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಸೀದಾ ವೇದಿಕೆ ಹತ್ತಿದಳು. "ದೃಷ್ಟಿಬೊಟ್ಟು ಅಳ್ಸಿದ್ದೀರ ಮೇಡಂ, ಇಡ್ತೀನಿ ತಡೀರಿ," ಎಂದು ಫ್ಲೆಕ್ಸಿನ ಕೂಸಿಗೆ ಬೊಟ್ಟಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ಬೆರಳು ತುಂಬ ಕಾಡಿಗೆ ಬಾಚಿ ಕೆನ್ನೆ, ಹಣೆ, ಕೈ ಎಲ್ಲಕ್ಕೂ ಬಳಿಯತೊಡಗಿದಳು.

"ಅಯ್ಯೋ, ಫ್ಲೆಕ್ಸ್ ಹಾಳಾಯ್ತು! ಇಳೀರಿ ಕೆಳಗೆ!" ಮೇಡಂ ಕೂಗಿದಳು.

"ಹಾಳ್ ಮಾಡಿದ್ದು ನೀವು, ನಾನ್ ರಿಪೇರಿ ಮಾಡ್ತಿವ್ನಿ. ಆಪ್‌ನಾಗೂ ನನ್ ಮಗಳ ಬಣ್ಣ ವಾಪಸ್ ಬರೋಗಂಟ ನಿಮ್ ಸೀರೆ ನಂಗ್ ಬ್ಯಾಡ!"

ಕೆಂಚಮ್ಮ ಎದ್ದು ವೇದಿಕೆ ಹತ್ತಿದಳು. ಅತ್ತೆ ಬೈಯಲು ಬಂದಳೆಂದೇ ಆಶಾರಾಣಿ ಅಂದುಕೊಂಡಳು. ಮುದುಕಿ ಕೂಸಿನ ಮುಖದ ಸೆರಗು ಸರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದುಕೊಂಡು, ಫ್ಲೆಕ್ಸಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಕಿವಿ ಬುಟ್ಬುಟ್ಯಲ್ಲೇ ಆಶಾ," ಎಂದು ತಾನೇ ಡಬ್ಬಿಗೆ ಬೆರಳದ್ದಿದಳು.