ಕೇಳದೆ ಒಯ್ದ ಚಂದ್ರಿಕೆ

ದಿಬ್ಬೂರಹಳ್ಳಿಯಲ್ಲಿ ಅಕ್ಕಯ್ಯಮ್ಮ ಎಂದರೆ ಬಾಯಿ ಜೋರು ಎಂದೇ ನನಗೆ ಹೆಸರು. ಇರಲಿ ಬಿಡಿ, ಬಾಯಿ ಇರುವುದೇ ಆಡುವುದಕ್ಕೆ.

ನಮ್ಮ ಕಡೆ ರೇಷ್ಮೆಹುಳು ಹಣ್ಣಾದ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿದರೆ ಗೂಡು ಕಟ್ಟಲು ಆಗಿಂದಾಗಲೇ ಚಂದ್ರಿಕೆ ಬೇಕು. ಬಿದಿರಿನ ಆ ತಟ್ಟಿ ಸಾಲದೆ ಬಂದರೆ, ಬೀದಿಯಲ್ಲಿ ಯಾರ ಗೋಡೆಗೆ ಒಣಗಲು ಒರಗಿಸಿದ್ದರೂ ಎತ್ತಿಕೊಂಡು ಹೋಗುವುದು, ಗೂಡು ಬಿಡಿಸಿದ ಮೇಲೆ ತಂದಿಡುವುದು. ನಾನು ಸೊಸೆಯಾಗಿ ಬಂದಾಗಿನಿಂದ ಹೀಗೇ. ಕೇಳಿ ಒಯ್ದವರನ್ನು ನಾನಂತೂ ಕಂಡಿಲ್ಲ. ಗುರುತಿಗೆ ಒಂದೊಂದು ಮನೆಯವರು ಅಂಚಿಗೆ ಒಂದೊಂದು ಬಣ್ಣ ಬಳಿದಿರುತ್ತಾರೆ. ನಮ್ಮದು ಹಸಿರು.

ಅವತ್ತು ಬೆಳಿಗ್ಗೆ ನನ್ನ ಮಗ ರಮೇಶ್‌ಬಾಬು ಅಂಗಳದಲ್ಲಿ ನಿಂತು ಕೂಗಾಡತೊಡಗಿದ.

"ನಾಲ್ಕು ಚಂದ್ರಿಕೆ ಕದ್ದವ್ನೆ ಕಣಮ್ಮ, ಆ ಅಂಬರೀಶ! ಅವನ ಹುಳುಮನೇಲಿ ಕಣ್ಣಾರೆ ನೋಡ್ಕೊಂಡು ಬಂದೆ. ಈಗಲೇ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ."

ಅಂಬರೀಶ ನಮ್ಮ ಬೀದಿಯ ಕೊನೆಗಿರುವ ಕಾಲೋನಿಯ ನಲ್ಲಪ್ಪನ ಮಗ. ಸರ್ಕಾರಿ ಬಸ್ಸಿಗೆ ಡ್ರೈವರಾಗಿ ಆಯ್ಕೆಯಾಗಿದ್ದ. ಹುಡುಗ ಹೇಗೆಂದು ವಿಚಾರಿಸಲು ಪೊಲೀಸರು ಇವತ್ತೋ ನಾಳೆಯೋ ಬರುವವರಿದ್ದರು. ಈಗ ಕಳ್ಳತನದ ದೂರು ಬಿದ್ದರೆ ಕೆಲಸ ಕೈಬಿಟ್ಟ ಹಾಗೆಯೇ.

"ಎರ್ರಪ್ಪ ಹೋದ ಬೆಳೇಲಿ ಎತ್ಕೊಂಡು ಹೋದ್ನಲ್ಲ, ಅವನ ಮೇಲೆ ಯಾಕಪ್ಪ ಕೊಡ್ಲಿಲ್ಲ?"

"ಎರ್ರಪ್ಪಣ್ಣ ನಮ್ಮೋನು. ಅದು ಕಳ್ಳತನ ಹೆಂಗಾಗ್ತದೆ?"

"ಮತ್ತೆ ಇದು ಹೆಂಗಾಯ್ತು?"

ಅವನು ಮೊಳೆಯಲ್ಲಿದ್ದ ಬೈಕಿನ ಕೀ ತೆಗೆದುಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಹಿತ್ತಲಿಗೆ ಹೋಗಿ, ಜೋಡಿಸಿಟ್ಟಿದ್ದ ಚಂದ್ರಿಕೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದು ಹಾಕಿದೆ. ನೀಲಿ ಅಂಚಿನವು ಎರ್ರಪ್ಪನವು. ಹಳದಿಯವು ವೆಂಕಟರವಣಪ್ಪನವು. ಎಲ್ಲಕ್ಕಿಂತ ಕೆಳಗೆ ಕೆಂಪು ಅಂಚಿನವೆರಡು ಸಿಕ್ಕವು. ನಲ್ಲಪ್ಪನವು.

"ಇವು ನಮ್ಮನೆಗೆ ನಡ್ಕೊಂಡು ಬಂದ್ವೇನಪ್ಪ?"

ರಮೇಶ್‌ಬಾಬು ಕತ್ತು ಕೆರೆದುಕೊಂಡ. "ಆವತ್ತು ಕಮ್ಮಿ ಬಿತ್ತಲ್ಲಮ್ಮ, ತಂದಿದ್ದೆ. ವಾಪಸ್ ಇಡೋದು ಮರ್ತೋಯ್ತು."

"ಕೇಳಿ ತಂದ್ಯಾ?"

ಅವನು ಕೀಯನ್ನು ಬೆರಳಲ್ಲಿ ತಿರುಗಿಸತೊಡಗಿದ.

"ಸರಿ, ನಡಿ. ನಾನೂ ಬರ್ತೀನಿ. ಅವನ ಮೇಲೊಂದು, ನಿನ್ನ ಮೇಲೊಂದು, ಎರಡೂ ಒಟ್ಟಿಗೆ ಬರೆಸ್ಕೊಂಡು ಬರೋಣ."

ಚಪ್ಪಲಿ ಮೆಟ್ಟಿ, ಕೆಂಪು ಅಂಚಿನದೊಂದನ್ನು ತಲೆಯ ಮೇಲೆ ಹೊತ್ತುಕೊಂಡು ಬೈಕಿನ ಹತ್ತಿರ ಹೋಗಿ ನಿಂತೆ. ತಮಾಷೆಗಲ್ಲ. ಅವನು ಹೊರಟಿದ್ದರೆ ನಾನೂ ಹೋಗುತ್ತಿದ್ದೆ. ಅವನು ನನ್ನ ಮುಖವನ್ನೊಮ್ಮೆ, ಚಂದ್ರಿಕೆಯನ್ನೊಮ್ಮೆ ನೋಡಿ ಕೀಯನ್ನು ಮತ್ತೆ ಮೊಳೆಗೆ ತಗುಲಿಹಾಕಿದ.

ಜಗಲಿಯ ಮೇಲೆ ಬಿ.ಎ. ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳು ಭಾನುಪ್ರಿಯಾ ಕಿಸಕ್ಕನೆ ನಕ್ಕಳು. "ಅಜ್ಜಿ, ನಮ್ಮ ಸೋಷಿಯಾಲಜೀಲಿ ಇದೇ ಇದೆ. ಮಾಡೋ ಕೆಲಸ ಒಂದೇ ಆದ್ರೂ, ಯಾರು ಮಾಡಿದ್ರು ಅಂತ ನೋಡಿ ಕಳ್ಳ ಅಂತ ಹೆಸರಿಡ್ತಾರಂತೆ."

"ಹಂಗಾದ್ರೆ ನಿಮ್ಮಪ್ಪಂಗೂ ಸ್ವಲ್ಪ ಪಾಠ ಮಾಡೇ ತಾಯಿ," ಎಂದೆ.

ಅಂಬರೀಶನಿಗೆ ಕೆಲಸ ಸಿಕ್ಕಿತು. ಗೂಡು ಬಿಡಿಸಿದ ಮೇಲೆ ನಮ್ಮ ನಾಲ್ಕು ಚಂದ್ರಿಕೆಗಳನ್ನು ತೊಳೆದು ಒಣಗಿಸಿ ತಂದ. ಅವತ್ತಿನ ಕೂಗಾಟ ಕಾಲೋನಿಗೂ ಕೇಳಿಸಿತ್ತು.

ಈಗ ಬೆಳೆ ಬಂದಾಗಲೆಲ್ಲ ರಜೆ ಹಾಕಿ ಬರುತ್ತಾನೆ. ಚಂದ್ರಿಕೆ ಬೇಕಾದರೆ ನಮ್ಮ ಗೇಟಿನ ಹೊರಗೆ ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಾನೆ. "ಅಮ್ಮಾ, ಎರಡು ಚಂದ್ರಿಕೆ ತಗೊಂಡೋಗ್ಲಾ?"

"ಯಾರೂ ಕೇಳಲ್ಲ, ನೀನ್ಯಾಕೋ ಕೇಳ್ತೀಯ!" ಎಂದು ಎಷ್ಟು ಸಲ ಬೈದೆನೋ. ಅವನು ನಗುತ್ತಾನೆ, ಆದರೆ ನಾನು "ತಗೊಂಡೋಗಪ್ಪ" ಎಂದು ಅಷ್ಟೇ ಜೋರಾಗಿ ಹೇಳುವವರೆಗೆ ಮುಟ್ಟುವುದಿಲ್ಲ.

ರಮೇಶ್‌ಬಾಬು ಇವತ್ತಿಗೂ ಯಾರನ್ನೂ ಕೇಳದೆ ಎತ್ತಿಕೊಂಡು ಬರುತ್ತಾನೆ.